ತೊಟ್ಟಿಯ ಕೆಳಗೊಂದು ತೊಟ್ಟಿ: ಉಪ್ಪುನೀರಿನ ಅಕ್ವೇರಿಯಂಗೆ ಸಂಪು ಕಟ್ಟುವ ಲೆಕ್ಕ

ಸಂಪು ಎಂದರೇನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾವೇರಿ ನೀರು ಬಿಟ್ಟ ದಿನ ತುಂಬಿಕೊಳ್ಳುವ, ಗೇಟಿನ ಪಕ್ಕ ಕಬ್ಬಿಣದ ಮುಚ್ಚಳ ಹೊದ್ದು ಕೂತ ನೆಲದೊಳಗಿನ ತೊಟ್ಟಿ. ಮೋಟಾರ್ ಹಾಕಿದರೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ, ಅಲ್ಲಿಂದ ತನ್ನ ಭಾರಕ್ಕೇ ನಲ್ಲಿಗೆ ಇಳಿಯುತ್ತದೆ. ಸಮುದ್ರದ ಮೀನು, ಹವಳ ಸಾಕುವವರು ಅಕ್ವೇರಿಯಂ ಕೆಳಗಿನ ಕಪಾಟಿನಲ್ಲಿ ಇಡುವ ಸಂಪೂ ಇದೇ ಜಾತಿಯದು. ಇಲ್ಲಿ ಮೇಲಿನ ತೊಟ್ಟಿಯಿಂದ ಇಳಿದ ನೀರು ನಲ್ಲಿಗೆ ಹೋಗುವ ಬದಲು ಸಂಪಿಗೇ ವಾಪಸ್ ಬರುತ್ತದೆ, ಶುದ್ಧವಾಗಿ ಮತ್ತೆ ಮೇಲೇರುತ್ತದೆ. ಹಗಲು ರಾತ್ರಿ ಈ ಸುತ್ತು ನಿಲ್ಲಬಾರದು.

ಇದು ಬೇಕೇ ಎಂದರೆ, ಉಪ್ಪುನೀರಿಗೆ ಖಂಡಿತ ಬೇಕು. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಲೀಟರ್ ಆರಿದರೂ ಸಣ್ಣ ತೊಟ್ಟಿಯಲ್ಲಿ ಉಪ್ಪಿನಂಶ ಏರಿಬಿಡುತ್ತದೆ. ಸಂಪು ಇದ್ದರೆ ಒಟ್ಟು ನೀರು ಹೆಚ್ಚಾಗಿ ಏರಿಳಿತ ನಿಧಾನವಾಗುತ್ತದೆ. ನೀರಿನ ಮೇಲೆ ಕಟ್ಟುವ ಎಣ್ಣೆಯಂಥ ಪೊರೆ ಓವರ್‌ಫ್ಲೋ (ಮೇಲ್ಮಟ್ಟದ ನೀರು ಹೊರಬೀಳುವ ಕಂಡಿ) ದಾಟಿ ಕೆಳಗೆ ಹೋಗುತ್ತದೆ. ಮೀನಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹೀಟರ್ ಎಲ್ಲವೂ ಕಣ್ಣಿಗೆ ಬೀಳದಂತೆ ಕೆಳಗೆ ಕೂರುತ್ತವೆ. ಮೇಲಿನ ತೊಟ್ಟಿಯ ಮಟ್ಟ ಯಾವಾಗಲೂ ಒಂದೇ ಸಮ ಇರುತ್ತದೆ, ತಗ್ಗುವುದೇನಿದ್ದರೂ ಸಂಪಿನಲ್ಲಿ.

ಸಂಪು ಕಟ್ಟಲು ಹೊರಟವರು ಮೊದಲು ಗಾಜಿನ ಬಗ್ಗೆ, ಸಿಲಿಕೋನ್ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ. ಅದು ಸುಲಭದ ಭಾಗ. ಮನೆಯ ನೆಲದ ಮೇಲೆ ನೀರು ಹರಿಯುವುದು ಬಹುಪಾಲು ಅಂಟು ಬಿಟ್ಟಿದ್ದರಿಂದಲ್ಲ, ಲೆಕ್ಕ ತಪ್ಪಿದ್ದರಿಂದ. ಕರೆಂಟ್ ಹೋದಾಗ ಮೇಲಿನಿಂದ ಎಷ್ಟು ನೀರು ಇಳಿಯುತ್ತದೆ? ಇಳಿಯುವ ಪೈಪ್ ಕಟ್ಟಿಕೊಂಡರೆ ಪಂಪ್ ಎಷ್ಟು ನೀರನ್ನು ಮೇಲೆ ತಳ್ಳುತ್ತದೆ? ಈ ಎರಡಕ್ಕೂ ಲೀಟರಿನಲ್ಲಿ ಉತ್ತರ ಬರೆದಿಟ್ಟುಕೊಂಡ ಮೇಲೆಯೇ ಗಾಜಿನಂಗಡಿಗೆ ಹೋಗಬೇಕು.

ಕರೆಂಟ್ ಹೋದಾಗಿನ ಲೆಕ್ಕ

ಒಂದು ಅಳತೆ ಹಿಡಿದು ನೋಡೋಣ. ಮೇಲಿನ ತೊಟ್ಟಿಯ ಒಳ ಅಳತೆ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಅಂದರೆ 182 ಲೀಟರ್. ಕಲ್ಲು, ಮರಳು ಕಳೆದು, ಅಂಚಿನ ಜಾಗ ಬಿಟ್ಟರೆ ನಿಜವಾದ ನೀರು ಸುಮಾರು 150 ಲೀಟರ್. ಕೆಳಗಿನ ಸಂಪು ಒಳ ಅಳತೆಯಲ್ಲಿ 75 ಉದ್ದ, 35 ಅಗಲ, 40 ಎತ್ತರ.

ಮೇಲಿನ ತೊಟ್ಟಿಯಲ್ಲಿ ಮಟ್ಟ 1 ಸೆಂ.ಮೀ. ಇಳಿದರೆ 90 × 45 ಲೆಕ್ಕದಲ್ಲಿ 4 ಲೀಟರಿಗೆ ಒಂದು ಗುಟುಕು ಹೆಚ್ಚು ನೀರು ಕೆಳಗೆ ಬಂತು ಎಂದರ್ಥ. ಪಂಪ್ ನಿಂತ ಕ್ಷಣ ಮೊದಲು ಓವರ್‌ಫ್ಲೋ ಬಾಚಣಿಗೆಯ, ಅಂದರೆ ಅದರ ಅಂಚಿನ ಹಲ್ಲುಗಳ, ಮೇಲಿದ್ದ ನೀರು ಇಳಿಯುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ನೀರನ್ನು ಮೇಲೇರಿಸುತ್ತಿದ್ದ ಪೈಪೇ ಈಗ ಹಿಮ್ಮುಖವಾಗಿ, ಪೆಟ್ರೋಲ್ ಟ್ಯಾಂಕಿಗೆ ರಬ್ಬರ್ ಟ್ಯೂಬ್ ಹಾಕಿ ಎಳೆದಂತೆ, ತೊಟ್ಟಿಯ ನೀರನ್ನು ಕೆಳಗೆ ಎಳೆಯುತ್ತದೆ. ಆ ಪೈಪಿನ ಮೇಲ್ತುದಿಯ ನಳಿಕೆಯ ಬಾಯಿ ನೀರಿನಿಂದ ಹೊರಬಂದು ಗಾಳಿ ಕುಡಿಯುವ ತನಕ ಇದು ನಡೆಯುತ್ತಲೇ ಇರುತ್ತದೆ.

ನಳಿಕೆಯ ಬಾಯಿ ಮೇಲ್ಮಟ್ಟದಿಂದ 2 ಸೆಂ.ಮೀ. ಕೆಳಗಿದ್ದರೆ 8 ಲೀಟರ್. ಮೂಲೆಯಲ್ಲಿ 15 × 15 ಸೆಂ.ಮೀ. ಓವರ್‌ಫ್ಲೋ ಪೆಟ್ಟಿಗೆ ಇದ್ದರೆ ಅದು ಪೂರ್ತಿ ಖಾಲಿಯಾಯಿತು ಎಂದೇ ಎಣಿಸಿ, 9 ಲೀಟರ್. ಪೈಪುಗಳಲ್ಲಿ ನಿಂತದ್ದು ಹೆಚ್ಚೆಂದರೆ 2. ಒಟ್ಟು 20 ಲೀಟರಿನ ಒಳಗೇ ಮುಗಿಯಿತು. ಅದೇ ನಳಿಕೆಯನ್ನು ಅಂದಕ್ಕೆಂದು 12 ಸೆಂ.ಮೀ. ಆಳಕ್ಕೆ ಇಳಿಸಿದಿರಿ ಎನ್ನಿ: 48 ಲೀಟರಿಗೆ 11 ಸೇರಿ ಹತ್ತಿರ ಹತ್ತಿರ 60 ಲೀಟರ್. ಮುಂದೆ ಹೇಳುವ ವಿಂಗಡಣೆಯಲ್ಲಿ ಈ ಸಂಪು ನಡೆಯುವಾಗ 55 ಲೀಟರ್ ಹಿಡಿದಿರುತ್ತದೆ. ಅಂಚಿನಿಂದ 2 ಸೆಂ.ಮೀ. ಬಿಟ್ಟರೆ ಉಳಿದ ಜಾಗ 40 ಲೀಟರ್. ಮಿಕ್ಕ 20 ಲೀಟರ್ ಉಪ್ಪುನೀರು ಕಪಾಟು ದಾಟಿ ಹಾಲ್‌ಗೆ ಬರುತ್ತದೆ, ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯ ಸೀಲಿಂಗಿಗೂ ಇಳಿಯುತ್ತದೆ. ನಳಿಕೆ 10 ಸೆಂ.ಮೀ. ಮೇಲಿದ್ದಿದ್ದರೆ ಸಾಕಿತ್ತು.

ನಳಿಕೆಯ ಪೈಪಿಗೆ ನೀರಿನ ಮಟ್ಟದ ತುಸು ಕೆಳಗೆ 3 ಮಿ.ಮೀ. ತೂತು ಕೊರೆದು ಗಾಳಿ ಬಿಡುವ ಉಪಾಯ ಒಂದಿದೆ. ಕೊರೆಯಿರಿ, ಆದರೆ ನೆಚ್ಚಿಕೊಳ್ಳಬೇಡಿ. ಪಾಚಿ ಬೆಳೆದೋ ಬಸವನಹುಳು ಕೂತೋ ಅದು ಒಂದು ದಿನ ಮುಚ್ಚಿಕೊಳ್ಳುತ್ತದೆ. ನಾನ್-ರಿಟರ್ನ್ ವಾಲ್ವೂ ಅಷ್ಟೆ: ಸುಣ್ಣ ಕಟ್ಟಿ, ಸಣ್ಣ ಹುಳುಗಳ ಕೊಳವೆ ಬೆಳೆದು, ಕೆಲವು ತಿಂಗಳಿಗೆ ಬಿಗಿಯಾಗಿ ಕೂರುವುದನ್ನು ಬಿಡುತ್ತದೆ. ಸಂಪಿನಲ್ಲಿ ಖಾಲಿ ಬಿಟ್ಟ ಜಾಗವೊಂದೇ ಕೈಕೊಡದ ರಕ್ಷಣೆ.

ಒಳಗಿನ ಅಡ್ಡಗಾಜುಗಳು

75 ಸೆಂ.ಮೀ. ಉದ್ದವನ್ನು ಹೀಗೆ ಹಂಚಿಕೊಳ್ಳಿ. ಮೊದಲ ಕೋಣೆ 34 ಸೆಂ.ಮೀ.; ಮೇಲಿನಿಂದ ಇಳಿಯುವ ಪೈಪ್, ಫಿಲ್ಟರ್ ಸಾಕ್ಸ್ (ಕಸ ಹಿಡಿಯುವ ಬಟ್ಟೆ ಚೀಲ), ಸ್ಕಿಮ್ಮರ್, ಹೀಟರ್ ಇಲ್ಲಿ. ಆಮೇಲೆ 6 ಮಿ.ಮೀ. ದಪ್ಪದ ಮೂರು ಅಡ್ಡಗಾಜುಗಳು, ನಡುನಡುವೆ 3 ಸೆಂ.ಮೀ. ಸಂದು. ಉಳಿದ 33 ಸೆಂ.ಮೀ. ಪಂಪಿನ ಕೋಣೆ.

ಮೊದಲ ಅಡ್ಡಗಾಜು ತಳಕ್ಕೆ ಅಂಟಿ 24 ಸೆಂ.ಮೀ. ಎತ್ತರ ನಿಲ್ಲುತ್ತದೆ. ಎರಡನೆಯದು ತಳದಿಂದ 3 ಸೆಂ.ಮೀ. ಮೇಲೆ ಶುರುವಾಗಿ, ನೀರಿನ ಮಟ್ಟಕ್ಕಿಂತ ಎತ್ತರಕ್ಕೆ, 30ರವರೆಗೆ ಹೋಗುತ್ತದೆ. ಮೂರನೆಯದು ಮತ್ತೆ ತಳಕ್ಕಂಟಿ 22. ನೀರು ಮೊದಲನೆಯದರ ಮೇಲೆ ಹಾದು, ಎರಡನೆಯದರ ಕೆಳಗೆ ನುಸುಳಿ, ಮೂರನೆಯದರ ಮೇಲೆ ಬಂದು ಪಂಪಿನ ಕೋಣೆಗೆ ಇಳಿಯುತ್ತದೆ. ಗುಳ್ಳೆಗೆ ಮೇಲೇಳುವ ಗುಣ. ನೀರು ಕೆಳಗೆ ತಿರುಗುವಲ್ಲಿ ಅದು ಬೇರ್ಪಟ್ಟು ಮೇಲೆ ಬಂದು ಒಡೆಯುತ್ತದೆ. ಇಲ್ಲದಿದ್ದರೆ ಆ ಸಣ್ಣ ಗುಳ್ಳೆಗಳೆಲ್ಲ ಪಂಪ್ ಮೂಲಕ ಮೇಲಿನ ತೊಟ್ಟಿಗೆ ಹೋಗಿ, ನೀರು ಸೋಡಾ ಸುರಿದಂತೆ ಕಾಣುತ್ತದೆ.

ಸಂದು 3 ಸೆಂ.ಮೀ. ಯಾಕೆ? ಗಂಟೆಗೆ 1500 ಲೀಟರ್ ಹರಿವು ಎಂದರೆ ಸೆಕೆಂಡಿಗೆ 416 ಮಿ.ಲೀ. 3 × 35 ಸೆಂ.ಮೀ. ಸಂದಿನಲ್ಲಿ ಅದು ಸೆಕೆಂಡಿಗೆ 4 ಸೆಂ.ಮೀ. ವೇಗದಲ್ಲಿ ಇಳಿಯುತ್ತದೆ. ಸಂದನ್ನು ಒಂದೂವರೆಗೆ ಇಳಿಸಿದರೆ ವೇಗ ಇಮ್ಮಡಿಯಾಗಿ, ಗುಳ್ಳೆಗಳನ್ನೂ ಎಳೆದುಕೊಂಡೇ ಹೋಗುತ್ತದೆ. ಜಾಗ ಉಳಿಸಲು ಜನ ಮೊದಲು ಕತ್ತರಿ ಹಾಕುವುದು ಇಲ್ಲಿಗೇ, ಆಮೇಲೆ ಗುಳ್ಳೆ ಎಂದು ಕೊರಗುವುದೂ ಇದರಿಂದಲೇ.

ಅಡ್ಡಗಾಜಿನ ಇನ್ನೊಂದು ಕೆಲಸ ಮಟ್ಟ ಹಿಡಿಯುವುದು. ಮೊದಲ ಕೋಣೆಯ ನೀರು ಯಾವಾಗಲೂ 24–25 ಸೆಂ.ಮೀ. ನಲ್ಲೇ ನಿಲ್ಲುತ್ತದೆ, ಸ್ಕಿಮ್ಮರ್ ಸರಿಯಾಗಿ ನೊರೆ ಎತ್ತಲು ಈ ಸ್ಥಿರತೆ ಬೇಕೇ ಬೇಕು. ನಿಮ್ಮ ಸ್ಕಿಮ್ಮರ್‌ಗೆ ಎಷ್ಟು ಆಳ ಬೇಕೆಂದು ಅದರ ಕೈಪಿಡಿಯಲ್ಲಿ ನೋಡಿ. 20 ಎಂದಿದ್ದರೆ ಅಡಿಗೆ ಅಕ್ರಿಲಿಕ್ ಪೀಠ ಇಟ್ಟು 4 ಸೆಂ.ಮೀ. ಎತ್ತರಿಸಬಹುದು, 28 ಎಂದಿದ್ದರೆ ಅಡ್ಡಗಾಜನ್ನೇ ಎತ್ತರ ಮಾಡಿ ಮೇಲಿನ ಖಾಲಿ ಜಾಗದ ಲೆಕ್ಕವನ್ನು ಮತ್ತೆ ಹಾಕಬೇಕು. ಹೀಟರ್ ಕೂಡ ಇದೇ ಕೋಣೆಗೆ. ಪಂಪಿನ ಕೋಣೆಯಲ್ಲಿ ನೀರು ತಗ್ಗುತ್ತದೆ. ಬರಿ ಗಾಳಿಯಲ್ಲಿ ಕಾದ ಹೀಟರ್ ಒಡೆಯುತ್ತದೆ.

ನೀರಿನ ಕಲ್ಮಶ ಹೀರಿಕೊಳ್ಳಲೆಂದು ಪಾಚಿ ಬೆಳೆಸುವ ಕೋಣೆಯೊಂದನ್ನು ಇದರಲ್ಲೇ ತುರುಕುವ ಆಸೆ ಹಲವರಿಗೆ. 75 ಸೆಂ.ಮೀ. ಸಂಪಿನಲ್ಲಿ ಬೇಡ. ಪಂಪಿನ ಕೋಣೆ ಕಿರಿದಾದಷ್ಟೂ ಅದರ ಮಟ್ಟ ಬೇಗ ಬೀಳುತ್ತದೆ. 4 ಅಡಿ ಸಂಪು ಇಡಲು ಜಾಗವಿದ್ದರೆ ಆಗ ಯೋಚಿಸಿ.

ಗಾಜು, ಅಂಟು

ಪೆಟ್ಟಿಗೆಗೆ 8 ಮಿ.ಮೀ. ಗಾಜು. ಉದ್ದದ ಗಾಜು, ಅಡ್ಡದ ಗಾಜು ಎರಡೂ ತಳದ ಮೇಲೆ ನಿಲ್ಲುವಂತೆ ಮಾಡಿದರೆ ಅಳತೆ ಹೀಗೆ: ತಳ 76.6 × 36.6 ಸೆಂ.ಮೀ. ಒಂದು, ಮುಂದೆ ಹಿಂದೆ 76.6 × 40 ಎರಡು, ಪಕ್ಕಕ್ಕೆ 34.8 × 40 ಎರಡು. ಪಕ್ಕದ್ದರಲ್ಲಿ 2 ಮಿ.ಮೀ. ಕಡಿಮೆ ಇರುವುದು ಎರಡೂ ಕಡೆಯ ಸಿಲಿಕೋನಿಗೆ. ಅಂಚು ಉಜ್ಜಿಸಿಕೊಳ್ಳಿ. ಎಲ್ಲ ಸೇರಿ 23 ಕೆ.ಜಿ. ಹತ್ತಿರ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಅಡ್ಡಗಾಜುಗಳನ್ನು ಮಾತ್ರ ಮೊದಲೇ ಕತ್ತರಿಸಬೇಡಿ. ಪೆಟ್ಟಿಗೆ ಅಂಟಿ ಗಟ್ಟಿಯಾದ ಮೇಲೆ ಒಳ ಅಗಲವನ್ನು ಮೂರು ಕಡೆ ಅಳೆದು, ಅದಕ್ಕಿಂತ 4 ಮಿ.ಮೀ. ಕಡಿಮೆಗೆ ಕೊಯ್ಯಿಸಿ. ಅರ್ಧ ಮಿ.ಮೀ. ದೊಡ್ಡದಾದರೂ ಗಾಜು ಒಳಗಿಳಿಯುವುದಿಲ್ಲ, ಅಂಗಡಿಯವರು ಅಷ್ಟು ಸಣ್ಣದನ್ನು ಮತ್ತೆ ಕೊಯ್ದು ಕೊಡಲಾರರು.

ಸಿಲಿಕೋನ್ ಕೊಳ್ಳುವಾಗ ಬಚ್ಚಲು, ಸಿಂಕಿಗೆಂದು ಮಾರುವ, ಬೂಷ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್ ಬೇಡವೇ ಬೇಡ. ಬೂಷ್ಟು ಕೊಲ್ಲಲು ಅದರಲ್ಲಿ ಬೆರೆಸಿರುವ ವಿಷ ಮೀನನ್ನೂ ಕೊಲ್ಲುತ್ತದೆ. ಅಕ್ವೇರಿಯಂಗೆ ಎಂದು ಬರೆದಿರುವ, ವಿನೆಗರ್ ವಾಸನೆ ಹೊಡೆಯುವ ಶುದ್ಧ ಸಿಲಿಕೋನ್ ಕೇಳಿ. ಅಂಟಿಸುವ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆ ಬೆರಳು ಮುಟ್ಟಿಸಬಾರದು. ಕೈಯ ಜಿಡ್ಡೇ ಸೋರಿಕೆಯ ದಾರಿ. ಗಾಜಿನ ನಡುವೆ 1 ಮಿ.ಮೀ. ಅಂಟು ಉಳಿಯುವಷ್ಟೇ ಒತ್ತಿ, ಪೂರ್ತಿ ಹಿಂಡಿ ತೆಗೆಯಬೇಡಿ. 24 ಗಂಟೆ ಬಿಟ್ಟು ಅಡ್ಡಗಾಜು, ಅಲ್ಲಿಂದ ಒಂದು ವಾರ ಬಿಟ್ಟು ನೀರು. ಎರಡನೆಯ ಅಡ್ಡಗಾಜನ್ನು ತೂಗಿ ನಿಲ್ಲಿಸಲು 3 ಸೆಂ.ಮೀ. ಉದ್ದ ಕತ್ತರಿಸಿದ ಪೈಪಿನ ತುಂಡುಗಳೇ ಸಾಕು.

ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಥರ್ಮೊಕೋಲ್ ಹಾಸಿ, ಅಂಚಿನವರೆಗೆ ತುಂಬಿ, ಎರಡು ದಿನ ನಿಲ್ಲಿಸಿ. ಸುತ್ತಲೂ ಹಳೆಯ ದಿನಪತ್ರಿಕೆ ಹಾಸಿದ್ದರೆ ಒಂದು ಹನಿ ಸೋರಿದರೂ ಕಲೆ ಹೇಳುತ್ತದೆ. ಹಾಗೆಯೇ ಒಂದು ಮಾತು: ಕಪಾಟು ಮೊದಲೇ ಸಿದ್ಧವಿದ್ದರೆ ಅದರ ಬಾಗಿಲಿನ ಅಗಲ ಅಳೆದುಕೊಳ್ಳಿ, ಸಂಪು ಒಳಗೆ ಹೋಗಬೇಕು. ಸ್ಕಿಮ್ಮರ್‌ನ ನೊರೆ ತುಂಬುವ ಲೋಟವನ್ನು ಮೇಲಕ್ಕೆ ಎತ್ತಿ ತೆಗೆಯಲು ಅದರ ತಲೆಯ ಮೇಲೆ ಇನ್ನೂ 15 ಸೆಂ.ಮೀ. ಬೇಕು.

ಪೈಪಿನ ಕೆಲಸ

ಎಸ್.ಪಿ. ರೋಡಿನ ಅಂಗಡಿಯಾಗಲಿ, ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಾಗಲಿ, ಗೊಂದಲ ಶುರುವಾಗುವುದು ಇಲ್ಲಿಂದಲೇ. ಹೊಲಕ್ಕೆ ಹಾಕುವ 32 ಮಿ.ಮೀ. ಪಿವಿಸಿ ಪೈಪಿನ ಹೊರವ್ಯಾಸ 32. ಮನೆಯ ಪ್ಲಂಬಿಂಗಿಗೆ ಬಳಸುವ 1 ಇಂಚಿನ ಯುಪಿವಿಸಿ ಪೈಪಿನ ಹೊರವ್ಯಾಸ 33.4. ಕಣ್ಣಿಗೆ ಎರಡೂ ಒಂದೇ. ಒಂದರ ಎಲ್ಬೋ ಇನ್ನೊಂದಕ್ಕೆ ಸಡಿಲವಾಗಿ ಕೂರುತ್ತದೆ, ಸೊಲ್ಯೂಷನ್ ಬಳಿದರೆ ಅಂಟಿದಂತೆಯೂ ಕಾಣುತ್ತದೆ, ಆಮೇಲೆ ಜಿನುಗುತ್ತದೆ. ಪೈಪ್, ಎಲ್ಬೋ, ಯೂನಿಯನ್, ವಾಲ್ವ್ ಎಲ್ಲವನ್ನೂ ಒಂದೇ ಜಾತಿಯದು, ಸಾಧ್ಯವಾದರೆ ಒಂದೇ ಕಂಪನಿಯದು ತನ್ನಿ.

ಪ್ಲಂಬರ್ ಅಭ್ಯಾಸಬಲದಿಂದ ಹಿತ್ತಾಳೆ ವಾಲ್ವ್ ತಂದಿಡುತ್ತಾರೆ. ಅದನ್ನು ಹಾಕಿಸಬೇಡಿ. ಹಿತ್ತಾಳೆಯ ತಾಮ್ರ ಉಪ್ಪುನೀರಿಗೆ ಕರಗಿ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ಉಪ್ಪುನೀರು ಮುಟ್ಟುವ ಕಡೆ ಎಲ್ಲವೂ ಪ್ಲಾಸ್ಟಿಕ್ಕೇ ಆಗಬೇಕು, ಕ್ಲಿಪ್ಪೂ ಸೇರಿ.

ಮೇಲಿನ ತೊಟ್ಟಿಯ ತಳದಲ್ಲಿ, ಓವರ್‌ಫ್ಲೋ ಪೆಟ್ಟಿಗೆಯೊಳಗೆ ಎರಡು ತೂತು ಬೇಕು. ತೂತಿಗೆ ಕೂರುವ ಭಾಗವನ್ನು ನಮ್ಮ ಅಂಗಡಿಗಳಲ್ಲಿ ಟ್ಯಾಂಕ್ ನಿಪ್ಪಲ್ ಎನ್ನುತ್ತಾರೆ. 1 ಇಂಚಿನ ನಿಪ್ಪಲಿಗೆ 1 ಇಂಚಿನ ತೂತು ಸಾಲದು. ಮೊದಲು ನಿಪ್ಪಲ್ ಕೊಂಡು, ಅದರ ತಿರುಪಿನ ಭಾಗದ ಹೊರವ್ಯಾಸ ಅಳೆದು, 2 ಮಿ.ಮೀ. ಸೇರಿಸಿ ತೂತು ಕೊರೆಸಿ. ತೂತಿನ ಅಂಚಿಗೂ ಗಾಜಿನ ಅಂಚಿಗೂ ಕನಿಷ್ಠ ತೂತಿನ ವ್ಯಾಸದಷ್ಟು ದೂರ ಇರಲಿ. ಟಫನ್ಡ್ ಗಾಜಾದರೆ ಕೊರೆಯಲು ಹೋಗಲೇಬೇಡಿ, ಪೂರ್ತಿ ಪುಡಿಯಾಗುತ್ತದೆ. ರಬ್ಬರ್ ವಾಷರ್ ನಿಪ್ಪಲಿನ ಅಗಲ ತಲೆಯ ಕಡೆಗೆ ಇರಬೇಕು, ನಟ್ಟಿನ ಕಡೆಗಲ್ಲ. ಕೈಯಿಂದ ಬಿಗಿ ಮಾಡಿ ಮೇಲೆ ಕಾಲು ಸುತ್ತು, ಅಷ್ಟೇ.

ಎರಡು ಪೈಪ್ ಯಾಕೆ? ಒಂದು ಪೈಪಿನ ಕೆಳಗೆ ವಾಲ್ವ್ ಇಟ್ಟು, ಅದು ಗಾಳಿಯೇ ಇಲ್ಲದೆ ಪೂರ್ತಿ ನೀರು ತುಂಬಿ ಹರಿಯುವಂತೆ ಸಣ್ಣ ಮಾಡುತ್ತೇವೆ. ಗಾಳಿ ಇಲ್ಲದಿದ್ದರೆ ಗುಳುಗುಳು ಸದ್ದೂ ಇಲ್ಲ. ರಾತ್ರಿ ಹಾಲ್‌ನಲ್ಲಿ ಮಲಗಬಹುದು. ಎರಡನೆಯ ಪೈಪಿನ ಬಾಯಿ ಅದಕ್ಕಿಂತ ಕೆಲವು ಸೆಂ.ಮೀ. ಎತ್ತರದಲ್ಲಿ, ಅದಕ್ಕೆ ವಾಲ್ವ್ ಇಲ್ಲ, ಜಾಲರಿ ಇಲ್ಲ, ಅಡ್ಡಿ ಯಾವುದೂ ಇಲ್ಲ. ಮೊದಲನೆಯದು ಕಟ್ಟಿಕೊಂಡ ದಿನ ಇದು ಇಡೀ ಹರಿವನ್ನು ಹೊರಬೇಕು. ಹವ್ಯಾಸಿಗಳು ಇದನ್ನು ಹರ್ಬಿ ಪದ್ಧತಿ ಎನ್ನುತ್ತಾರೆ. ಎರಡನೆಯದರಲ್ಲಿ ದಾರದೆಳೆಯಷ್ಟು ನೀರು ಸದ್ದಿಲ್ಲದೆ ಇಳಿಯುವಂತೆ ಮೊದಲನೆಯದರ ವಾಲ್ವ್ ಕೂರಿಸಿದರೆ ಹದ ಸಿಕ್ಕಿತು. ಈ ಹದಕ್ಕೆ ಬಾಲ್ ವಾಲ್ವ್ ಒರಟು, ಕೂದಲೆಳೆ ತಿರುಗಿಸಿದರೂ ಹರಿವು ಜಿಗಿಯುತ್ತದೆ. ಪ್ಲಾಸ್ಟಿಕ್ ಗೇಟ್ ವಾಲ್ವ್ ಹುಡುಕಿ ತಂದರೆ ಶ್ರಮ ವ್ಯರ್ಥವಾಗುವುದಿಲ್ಲ. ಮೊದಲ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ 2–3 ಸೆಂ.ಮೀ. ಮಾತ್ರ ಮುಳುಗಿರಲಿ. ಇನ್ನೂ ಆಳಕ್ಕೆ ಹೋದರೆ ಕರೆಂಟ್ ಬಂದಾಗ ಒಳಗೆ ಸಿಕ್ಕ ಗಾಳಿ ಹೊರಬರಲಾರದೆ, ಹರಿವು ಹಿಡಿಯುವುದೇ ಇಲ್ಲ.

ಎರಡೂ ಕಟ್ಟಿದರೆ ಎಂಬ ಪ್ರಶ್ನೆಗೂ ಉತ್ತರ ಇರಬೇಕು. ಪಂಪಿನ ಕೋಣೆ 33 × 35, ನೀರಿನ ಮಟ್ಟ 18 ಸೆಂ.ಮೀ. ಪಂಪ್ 6 ಸೆಂ.ಮೀ. ಹತ್ತಿರ ಗಾಳಿ ಎಳೆಯಲು ಶುರುಮಾಡುತ್ತದೆ ಎಂದರೆ ಮೇಲೆ ಹೋಗಬಹುದಾದದ್ದು 14 ಲೀಟರ್. ಮೇಲಿನ ತೊಟ್ಟಿಯಲ್ಲಿ ಅದು ಮೂರೂವರೆ ಸೆಂ.ಮೀ. ಆದ್ದರಿಂದ ಅಂಚಿಗೂ ನೀರಿಗೂ ನಡುವೆ 5 ಸೆಂ.ಮೀ. ಬಿಟ್ಟರೆ ಇಲ್ಲೂ ನೆಲ ಒಣಗಿಯೇ ಇರುತ್ತದೆ.

ಪಂಪಿನ ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕ ಎತ್ತರವೇ ಇಲ್ಲದಾಗಿನದು. 3000 ಲೀಟರ್, 3 ಮೀಟರ್ ಎಂದು ಬರೆದ ಪಂಪ್ ಒಂದೂವರೆ ಮೀಟರ್ ಎತ್ತರಕ್ಕೆ ಸುಮಾರು ಅರ್ಧದಷ್ಟು ಕೊಡುತ್ತದೆ, ಎಲ್ಬೋಗಳಲ್ಲಿ ಇನ್ನಷ್ಟು ತಗ್ಗುತ್ತದೆ. ನಮಗೆ ಬೇಕಿರುವುದೂ ಗಂಟೆಗೆ 1000ದಿಂದ 1500. ವೇಗ ಹೆಚ್ಚು ಕಡಿಮೆ ಮಾಡಬಹುದಾದ ಡಿಸಿ ಪಂಪ್ ಆದರೆ ಒಳ್ಳೆಯದು.

ಆರುವ ನೀರು, ಸೆಖೆ, ಕರೆಂಟ್

ಮಾರ್ಚ್ ಏಪ್ರಿಲ್‌ನ ಒಣ ಗಾಳಿಯಲ್ಲಿ ಫ್ಯಾನ್ ಹಾಕಿದ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ಆರಿದರೆ ಪಂಪಿನ ಕೋಣೆಯಲ್ಲಿ ಮಟ್ಟ ಎರಡೂವರೆ ಸೆಂ.ಮೀ. ಇಳಿಯುತ್ತದೆ. ಐದು ದಿನ ಊರಿಗೆ ಹೋದರೆ ಪಂಪ್ ಗಾಳಿ ಕುಡಿಯುತ್ತದೆ. ತಾನಾಗಿ ನೀರು ತುಂಬುವ ವ್ಯವಸ್ಥೆ ಬೇಕು, ಆ ನೀರು ಉಪ್ಪಿಲ್ಲದ್ದೇ ಆಗಿರಬೇಕು. ಮಟ್ಟ ನೋಡಿ ನೀರು ಬಿಡುವ ಫ್ಲೋಟ್ ಒಂದು ದಿನ ಅಂಟಿಕೊಳ್ಳುತ್ತದೆ ಎಂದು ಎಣಿಸಿಯೇ ಆ ನೀರಿನ ಡಬ್ಬ ಆರಿಸಿ. 10 ಲೀಟರಿನ ಡಬ್ಬ ಪೂರ್ತಿ ಸುರಿದರೂ ಒಟ್ಟು 200 ಲೀಟರಿನಲ್ಲಿ ಉಪ್ಪಿನಂಶ ಲೀಟರಿಗೆ 35 ಗ್ರಾಂನಿಂದ 33ಕ್ಕೆ ಬರುತ್ತದೆ, ಮೀನು ತಡೆಯುತ್ತದೆ. 50 ಲೀಟರಿನ ಡ್ರಮ್ ಆದರೆ 28ಕ್ಕೆ ಕುಸಿದು ಹವಳ ಹೋದಂತೆಯೇ. ಮನೆಯ ಮುಖ್ಯ ನಲ್ಲಿ ಲೈನಿಗಂತೂ ಜೋಡಿಸಲೇಬೇಡಿ.

ಕುಡಿಯುವ ನೀರಿನ ಆರ್‌ಒ ಯಂತ್ರದ ನಲ್ಲಿಯಿಂದ ಹಿಡಿದ ನೀರು ಇದಕ್ಕೆ ಒದಗುವುದಿಲ್ಲ. ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಅದರಲ್ಲಿ ಸೋಸದ ನೀರನ್ನು ಸ್ವಲ್ಪ ಬೆರೆಸುತ್ತದೆ. ಮೆಂಬ್ರೇನ್‌ನಿಂದ ನೇರವಾಗಿ ಬಂದ ನೀರನ್ನು ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿಯುವ ಮಣಿಗಳು) ಮೂಲಕ ಹಾಯಿಸಿದಾಗ ಟಿಡಿಎಸ್ ಮೀಟರ್ 0 ತೋರಿಸಬೇಕು. ಬೋರ್‌ವೆಲ್ ನೀರಾದರೆ ರೆಸಿನ್ ಬೇಗ ಸವೆಯುತ್ತದೆ.

ಸೆಖೆಗೆ ಸಂಪಿನ ಮೇಲೆ ಬೀಸುವ ಸಣ್ಣ ಫ್ಯಾನ್ ನಮ್ಮೂರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, 2–3 ಡಿಗ್ರಿ ಇಳಿಸುತ್ತದೆ. ಮಳೆಗಾಲದ ತೇವದಲ್ಲಿ ಅದು ಸೋಲುತ್ತದೆ, ಆದರೆ ಆಗ ಅದರ ಅಗತ್ಯವೂ ಕಡಿಮೆ. ಕಪಾಟು ಮುಚ್ಚಿದ್ದರೆ ಫ್ಯಾನ್ ಬಿಸಿ ತೇವವನ್ನೇ ತಿರುಗಿಸುತ್ತದೆ, ಹಿಂಬದಿ ತೆರೆದಿರಲಿ. ಎಂಡಿಎಫ್ ಹಲಗೆ ಈ ತೇವಕ್ಕೆ ಊದಿಕೊಳ್ಳುತ್ತದೆ; ಬಣ್ಣ ಹೊಡೆದ ಎಂ.ಎಸ್. (ಕಬ್ಬಿಣದ) ಪೈಪಿನ ಸ್ಟ್ಯಾಂಡಿಗೆ ಮರೈನ್ ಪ್ಲೈ ಹೊದಿಸಿ.

ಪ್ಲಗ್ ಬೋರ್ಡ್ ಸಂಪಿನ ಮೇಲಲ್ಲ, ಪಕ್ಕಕ್ಕೆ ಮತ್ತು ಎತ್ತರಕ್ಕೆ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿನಲ್ಲಿ ಈ ಪಂಪುಗಳನ್ನು ಓಡಿಸಬೇಡಿ. ಉಪ್ಪುನೀರಿನಲ್ಲಿ ಕೈ ಅದ್ದುವವರು ನೀವೇ. ಇನ್ವರ್ಟರ್ ಇದ್ದರೆ ಮೊದಲು ಮೇಲಿನ ತೊಟ್ಟಿಯಲ್ಲಿ ನೀರನ್ನು ಕದಲಿಸುವ ವೇವ್‌ಮೇಕರ್‌ಗೆ ಕೊಡಿ, ಮೀನಿಗೆ ಉಸಿರು ಅಲ್ಲಿದೆ.

ಉಪ್ಪು ಹಾಕುವ ಮೊದಲು

ನಲ್ಲಿ ನೀರಿನಲ್ಲೇ ಎಲ್ಲ ಓಡಿಸಿ. ನಡೆಯುವಾಗಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಮೇನ್ ಸ್ವಿಚ್ ಆರಿಸಿ, ಇಳಿಯುವುದು ನಿಂತ ಮೇಲೆ ಇನ್ನೊಂದು ಗೆರೆ. ಹೀಗೆ ಹತ್ತು ಸಲ ಆರಿಸಿ ಹಾಕಿ. ಪ್ರತಿ ಸಲವೂ ಹರಿವು ತಾನಾಗಿಯೇ ಹಿಡಿಯಬೇಕು, ನೀವು ವಾಲ್ವ್ ಮುಟ್ಟಬಾರದು. ಆಮೇಲೆ ಮೊದಲ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಎರಡನೆಯದು ಅಷ್ಟೂ ನೀರನ್ನು ಇಳಿಸುತ್ತದೆಯೇ ನೋಡಿ. ಕೊನೆಗೆ ಎರಡನ್ನೂ ಮುಚ್ಚಿ, ಪಂಪ್ ಗಾಳಿ ಕುಡಿಯುವ ತನಕ ಪಕ್ಕದಲ್ಲೇ ನಿಂತು ನೋಡಿ.

ಕರೆಂಟ್ ಬಂದ ಮೊದಲ ನಿಮಿಷಗಳಲ್ಲಿ ಸಂಪಿನ ಮಟ್ಟ ಇನ್ನೂ ಎತ್ತರದಲ್ಲೇ ಇರುತ್ತದೆ. ಆಗ ಸ್ಕಿಮ್ಮರ್ ಉಕ್ಕಿ, ಲೋಟದ ಕಪ್ಪು ಕೊಳೆಯೆಲ್ಲ ವಾಪಸ್ ನೀರಿಗೇ ಸೇರುತ್ತದೆ. ಐದು ನಿಮಿಷ ತಡವಾಗಿ ಶುರುವಾಗುವ ಟೈಮರ್ ಪ್ಲಗ್ ಹಾಕಿದರೆ ಇದು ತಪ್ಪುತ್ತದೆ. ಹೊಸ ಸ್ಕಿಮ್ಮರ್ ಮೊದಲ ಒಂದೆರಡು ವಾರ ಹುಚ್ಚುಹುಚ್ಚಾಗಿ ನೊರೆ ಉಕ್ಕಿಸುವುದು ಸಹಜ, ಲೋಟವನ್ನು ಪೂರ್ತಿ ಎತ್ತರಕ್ಕೆ ಇಟ್ಟು ಕಾಯಿರಿ. ಫಿಲ್ಟರ್ ಸಾಕ್ಸ್ ಮೂರು ನಾಲ್ಕು ದಿನಕ್ಕೊಮ್ಮೆ ಬದಲಾಗಬೇಕು. ನಾಲ್ಕು ಜೊತೆ ಇಟ್ಟುಕೊಂಡರೆ ಒಗೆದು ಒಣಗಿಸಲು ಸಮಯ ಸಿಗುತ್ತದೆ. ಸೋಪಿನ ಪುಡಿ ಮಾತ್ರ ಅದಕ್ಕೆ ಮುಟ್ಟಿಸಬಾರದು. ಪಂಪನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಬಿಳಿ ವಿನೆಗರ್‌ಗೆ ಅರ್ಧ ನೀರು ಬೆರೆಸಿ ಒಂದು ಗಂಟೆ ನೆನೆಸಿದರೆ ಸುಣ್ಣ ಬಿಡುತ್ತದೆ. ಅದನ್ನು ವಾಪಸ್ ಇಟ್ಟ ದಿನ ನೀರು ಮತ್ತೆ ಹಳೆಯ ಗೆರೆಗೇ ಬಂದು ನಿಂತಿದೆಯೇ ಎಂದು ನೋಡಿ. ನಿಂತಿಲ್ಲದಿದ್ದರೆ ವಾಲ್ವನ್ನು ಮತ್ತೆ ಹದ ಮಾಡಬೇಕು.